ಸಹಾಯ ಬೇಕು: ಲಂಚದ ದೂರಿಗೆ ಉಳಿದಿರುವುದು 3 ದಿನ

ತೀರಿಕೊಂಡ ತಂದೆಯವರ ಹೆಸರಿನಲ್ಲಿರುವ ಸಿಂಧನೂರು ಕಡೆಯ ಭತ್ತದ ಹೊಲದ ಪೌತಿ ಖಾತೆಗಾಗಿ (ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅಲೆದು ಸಾಕಾದ ನನ್ನ ತಮ್ಮ, ಕೊಡದಿದ್ದರೆ ಅರ್ಜಿ ವಜಾ ಎಂದಿದ್ದ ಗುಮಾಸ್ತರು ಡ್ರಾಯರನ್ನು ಅರ್ಧ ಎಳೆದಿಟ್ಟು ಕಿಟಕಿಯತ್ತ ನೋಡುತ್ತ ಕುಳಿತಾಗ (ಅದೂ ಒಂದು ವಿದ್ಯೆಯೇ), ಅದರೊಳಗೆ 2,000 ರೂಪಾಯಿ ಹಾಕಿ ಬಂದಿದ್ದಾನೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಂತೆ ಲಂಚ ಕೊಟ್ಟವರೂ ತಪ್ಪಿತಸ್ಥರೇ. ಬಲವಂತಕ್ಕೆ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರಷ್ಟೇ ರಕ್ಷಣೆ. ನಾಲ್ಕು ದಿನ ಆಗಲೇ ಕಳೆದಿವೆ. ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) 2022ರಲ್ಲಿ ರದ್ದಾದುದರಿಂದ ಲೋಕಾಯುಕ್ತ ಪೊಲೀಸರ ಬಳಿಗೇ ಹೋಗಬೇಕೆಂದು ಬಲ್ಲೆ. ಆದರೆ ನಮ್ಮಲ್ಲಿ ಧ್ವನಿಮುದ್ರಣವಿಲ್ಲ, ಅರ್ಜಿಯ ಸ್ವೀಕೃತಿ ಚೀಟಿ ಮಾತ್ರ ಇದೆ. ರಾಯಚೂರಿನಲ್ಲಿ ಇಂಥ ದೂರು ಕೊಟ್ಟ ಅನುಭವವುಳ್ಳವರು, ಅಷ್ಟರ ಮೇಲೆ ದೂರು ದಾಖಲಾಗುವುದೇ, ಬಲವಂತವನ್ನು ಬರಹದಲ್ಲಿ ಹೇಗೆ ತೋರಿಸಬೇಕು ಎಂಬುದನ್ನು ದಯವಿಟ್ಟು ನಾಳೆಯೊಳಗೆ ತಿಳಿಸಿ.