ಅದು ಬರೀ ಅದೃಷ್ಟ ಅಲ್ಲ ಭಾವ

ದೊಡ್ಡಪ್ಪ: [ವಿಡಿಯೊ] "ಒಂದು ಸೆಕೆಂಡಿನ ಅದೃಷ್ಟ! 109 ಗಜ ಓಡಿ ಗೆದ್ದ ವೀರ!" ಫಾರ್ವರ್ಡ್ ಬಂತು. ಆಬರ್ನ್ ಅಂತ ಇದೆ. ನೀವು ಇದ್ದ ಊರೇ ಅಲ್ವಾ?

ನಾನು: ಅದೇ ಊರು ದೊಡ್ಡಪ್ಪ. ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್, ಅಲಬಾಮಾ ಯೂನಿವರ್ಸಿಟಿಗಳ ನಡುವಿನ ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ಅದು. 2013ರ ನವೆಂಬರ್ 30. ನಾನು ಆಗ ಹೈಸ್ಕೂಲ್. ಅಪ್ಪನ ಜೊತೆ ಆ ಜೋರ್ಡನ್-ಹೇರ್ ಸ್ಟೇಡಿಯಂನಲ್ಲೇ ಇದ್ದೆ. 87 ಸಾವಿರ ಜನ!

ಭಾವ: ನಾನು ಓದಿದ್ದು ಅಲಬಾಮಾ ಯೂನಿವರ್ಸಿಟಿಯಲ್ಲಿ. ಈ ವಿಡಿಯೊ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತೆ. ನಾವು ಆಗ ದೇಶಕ್ಕೇ ನಂಬರ್ 1. ಅದೃಷ್ಟ ಅಂತ ಬರೆದಿದ್ದು ಸರಿಯಾಗೇ ಇದೆ.

ನಾನು: ಇಲ್ಲ ಭಾವ, ಆ ಮಾತು ನಾನು ಒಪ್ಪಲ್ಲ. ವಿಡಿಯೊದಲ್ಲಿ ಇರೋದು ಕೊನೆಯ ಓಟ ಮಾತ್ರ.

ದೊಡ್ಡಪ್ಪ: ನನಗೆ ಆಟವೇ ಗೊತ್ತಿಲ್ಲ. ಬಿಡಿಸಿ ಹೇಳು ಮಗಾ.

ನಾನು: ಸ್ಕೋರ್ 28-28. ಟೈಮ್ ಮುಗಿಯಿತು ಅಂದುಕೊಂಡೆವು. ನಮ್ಮ ಸಾಲಿನವರೆಲ್ಲ ಓವರ್‌ಟೈಮ್ ಅಂತ ಮಾತಾಡುತ್ತಿದ್ದರು. ಅಲಬಾಮಾ ಕೋಚ್ ನಿಕ್ ಸೇಬನ್ ಮಾತ್ರ ಇನ್ನೂ ಒಂದು ಸೆಕೆಂಡ್ ಇದೆ ಅಂತ ಪಟ್ಟು ಹಿಡಿದರು. ಅಂಪೈರ್‌ಗಳು ವಿಡಿಯೊ ನೋಡಿ ಆ ಸೆಕೆಂಡ್ ಕೊಟ್ಟರು. 57 ಗಜದಿಂದ ಒದ್ದು ಕಂಬಗಳ ನಡುವೆ ದಾಟಿಸಿದರೆ ಅವರಿಗೆ ಗೆಲುವು. ಚೆಂಡು ಅಷ್ಟು ದೂರ ಹೋಗಲಿಲ್ಲ. ಕಂಬದ ಕೆಳಗೆ ನಿಂತಿದ್ದ ನಮ್ಮ ಕ್ರಿಸ್ ಡೇವಿಸ್ ಅದನ್ನು ಹಿಡಿದ. ಎಡಗಡೆ ಗೆರೆ ಹಿಡಿದು ಆ ತುದಿಯವರೆಗೆ ಓಡಿಬಿಟ್ಟ. ಅದೇ ಟಚ್‌ಡೌನ್, ಆರು ಪಾಯಿಂಟ್. 34-28.

ದೊಡ್ಡಪ್ಪ: ಅಬ್ಬಾ! ಶಾರ್ಜಾದಲ್ಲಿ ಮಿಯಾಂದಾದ್ ಕೊನೇ ಬಾಲಿಗೆ ಸಿಕ್ಸ್ ಹೊಡೆದ ಹಾಗೆ!

ಭಾವ: ನೋಡಿ, ಕಿಕ್ ಗಿಡ್ಡ ಬಿತ್ತು, ಒಬ್ಬ ಓಡಿದ. ಇದಕ್ಕೆ ಅದೃಷ್ಟ ಅನ್ನದೆ ಏನನ್ನಬೇಕು?

ನಾನು: ಡೇವಿಸ್ ಸುಮ್ನೆ ಅಲ್ಲಿ ನಿಂತಿರಲಿಲ್ಲ ಭಾವ. ಮೊದಲು ಹಿಂದೆ ನಿಲ್ಲಿಸಿದ್ದು ರಯಾನ್ ಸ್ಮಿತ್‌ನನ್ನು. ಆಮೇಲೆ ಟೈಮ್‌ಔಟ್ ತಗೊಂಡು ಡೇವಿಸ್‌ನನ್ನು ಕಳಿಸಿದರು. ಕಿಕ್ ಗಿಡ್ಡ ಬೀಳಬಹುದು ಅಂತ ಯೋಚಿಸಿಯೇ ತಾನೇ? ನಿಮ್ಮ ಕಡೆ ಇದ್ದವರು ಹೆಚ್ಚಿನವರು ಅಡ್ಡ ನಿಲ್ಲುವ ದಪ್ಪ ಆಳುಗಳು. ಓಡುವವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯೋದು ಅವರ ಕೆಲಸವೇ ಅಲ್ಲ.

ಅಕ್ಕ: ಇವರು ಇಷ್ಟು ಹೊತ್ತು ಸುಮ್ಮನಿರೋದು ನಾನು ನೋಡೇ ಇಲ್ಲ 😀

ಭಾವ: ಟೈಪ್ ಮಾಡ್ತಿದ್ದೀನಿ ಕಣೇ. ಆ ದಿನ ನಮ್ಮ ಇನ್ನೊಬ್ಬ ಕಿಕ್ಕರ್ ಮೂರು ಸಲ ಕೈಕೊಟ್ಟ. ಅದರಲ್ಲಿ ಒಂದು ಹೋಗಿದ್ದರೂ ಈ ಕೊನೇ ಸೆಕೆಂಡ್ ಬೇಕೇ ಆಗ್ತಿರಲಿಲ್ಲ.

ನಾನು: ಮೂರರಲ್ಲಿ ಒಂದನ್ನು ತಡೆದದ್ದು ನಾವು. ನಾಲ್ಕನೇ ಕ್ವಾರ್ಟರ್‌ನಲ್ಲಿ ಚೆಂಡು ಉಳಿಸಿಕೊಳ್ಳೋಕೆ ನಿಮಗೆ ಒಂದೇ ಒಂದು ಗಜ ಬೇಕಿತ್ತು, ಅದನ್ನೂ ಬಿಟ್ಟುಕೊಡಲಿಲ್ಲ. ಇನ್ನು 32 ಸೆಕೆಂಡ್ ಇದ್ದಾಗ 39 ಗಜದ ಪಾಸ್‌ನಲ್ಲಿ ಸಮ ಮಾಡಿದೆವು. ಹಿಂದಿನ ವರ್ಷ ನಿಮ್ಮ ಕೈಲಿ 49-0 ಸೋತಿದ್ದ ಟೀಮ್ ಇದು. ಇಡೀ ಸೀಸನ್‌ನಲ್ಲಿ ಮೂರೇ ಮ್ಯಾಚ್ ಗೆದ್ದಿತ್ತು. ಆ ಹುಡುಗರು ಒಂದು ವರ್ಷ ಬೆವರು ಸುರಿಸಿದ್ದನ್ನು ಒಂದು ಸೆಕೆಂಡಿನ ಅದೃಷ್ಟ ಅಂದರೆ ನನಗೆ ನಿಜವಾಗಿಯೂ ಬೇಜಾರಾಗುತ್ತೆ.

ಅಮ್ಮ: ಅವತ್ತು ರಾತ್ರಿ ಇವನಿಗೆ ಗಂಟಲೇ ಇರಲಿಲ್ಲ. ಅಪ್ಪ ಮಗ ಟೂಮರ್ಸ್ ಕಾರ್ನರ್‌ಗೆ ಹೋಗಿ ಟಾಯ್ಲೆಟ್ ಪೇಪರ್ ಎಸೆದು ಬಂದರು. ಗೆದ್ದರೆ ಅಲ್ಲಿ ಹಾಗೇ ಮಾಡೋದು.

ದೊಡ್ಡಪ್ಪ: ಪೇಪರ್ ಎಲ್ಲಿಗೆ ಎಸೀತಾರಮ್ಮ?

ಅಮ್ಮ: ಅಲ್ಲಿ ಎರಡು ದೊಡ್ಡ ಓಕ್ ಮರ ಇತ್ತು, ಅದರ ಮೇಲೆ. ಅಲಬಾಮಾ ಕಡೆಯವನೊಬ್ಬ ಅದಕ್ಕೆ ವಿಷ ಹಾಕಿದ್ದ. ಆ ವರ್ಷ ಏಪ್ರಿಲ್‌ನಲ್ಲಿ ಕಡಿದೇ ಬಿಟ್ಟರು. ಅದಕ್ಕೇ ಆ ಸಲ ಪೇಪರ್ ಎಸೆಯೋಕೆ ತಂತಿ ಕಟ್ಟಿದ್ದರು.

ಭಾವ: ಅದು ಮಾತ್ರ ನಮಗೂ ನಾಚಿಕೆ ತಂದ ಕೆಲಸ ಅತ್ತೆ.

ನಾನು: ದೊಡ್ಡಪ್ಪ, ಇನ್ನೊಂದು. 109 ಗಜ ಓಡಿದ್ದು ನಿಜ. ಆದರೆ ದಾಖಲೆಯಲ್ಲಿ 100 ಅಂತಲೇ ಬರೆಯುತ್ತಾರೆ. ಗೋಲ್ ಗೆರೆಯ ಹಿಂದೆ ಓಡಿದ್ದು ಲೆಕ್ಕಕ್ಕಿಲ್ಲ.

ಭಾವ: ಡೇವಿಸ್‌ನನ್ನು ಕಳಿಸಿದ್ದು ಜಾಣತನ, ಒಪ್ಪಿದೆ. ಆದರೆ ಫೈನಲ್‌ನಲ್ಲಿ ಫ್ಲೋರಿಡಾ ಸ್ಟೇಟ್ ಮುಂದೆ ಏನಾಯಿತು? ಅದೂ ಹೇಳು.

ನಾನು: 34-31 ಸೋತೆವು. 13 ಸೆಕೆಂಡ್ ಇದ್ದಾಗ ಅವರು ಟಚ್‌ಡೌನ್ ಹೊಡೆದರು. ಅದನ್ನೂ ನಾನು ಅದೃಷ್ಟ ಅನ್ನಲ್ಲ ಭಾವ. ಆ ಕೊನೆಯ ಒಂದು ನಿಮಿಷ ಅವರೇ ಚೆನ್ನಾಗಿ ಆಡಿದರು.