ಹಿಮ್ಮಡಿ ಹಿಂದೆ ಟೆಂಡನ್ ಕಾಣುವ ಗಾಯ: ಚರ್ಮ ಕಸಿ ಸಾಕೇ, ಫ್ಲ್ಯಾಪ್ ಬೇಕೇ?

ಪ್ರಶ್ನೆ: ಡಾಕ್ಟ್ರೇ, ಅಕ್ಕನ ಮಗನಿಗೆ 7 ವರ್ಷ. ಬೈಕಿನ ಹಿಂದಿನ ಚಕ್ರದ ಕಡ್ಡಿಗಳಿಗೆ ಹಿಮ್ಮಡಿ ಸಿಕ್ಕಿತ್ತು. ಕಪ್ಪಾದ ಚರ್ಮ ತೆಗೆದ ಮೇಲೆ 4×3 ಸೆಂ.ಮೀ. ಗಾಯ ಉಳಿದಿದೆ, ನಡುವೆ ಟೆಂಡನ್ ಕಾಣುತ್ತದೆ. ಒಬ್ಬರು ತೊಡೆಯ ಚರ್ಮ ಹಾಕಿದರೆ ಸಾಕು ಅಂತಾರೆ, ಇನ್ನೊಬ್ಬರು ಫ್ಲ್ಯಾಪೇ ಆಗಬೇಕು ಅಂತಾರೆ.

ಉತ್ತರ (ಪ್ಲಾಸ್ಟಿಕ್ ಸರ್ಜನ್): ಕಸಿ ಅಂದರೆ ರಕ್ತನಾಳವಿಲ್ಲದೆ ತೆಗೆದು ಹಾಕುವ ತೆಳು ಚರ್ಮ, ಫ್ಲ್ಯಾಪ್ ಅಂದರೆ ತನ್ನದೇ ರಕ್ತನಾಳದೊಂದಿಗೆ ತರುವ ದಪ್ಪ ಚರ್ಮ. ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಸೇರಿಸುವ ಹುರಿ) ಮೇಲೆ ಪ್ಯಾರಾಟೆನನ್ ಅನ್ನುವ ತೆಳು ಪೊರೆ ಇರುತ್ತದೆ. ಅದು ಉಳಿದಿದೆಯೇ ಅನ್ನುವುದೇ ಮುಖ್ಯ. ಮೇಲ್ಮೈ ತೇವವಾಗಿ ಹೊಳೆಯುತ್ತ, ಸಣ್ಣ ರಕ್ತನಾಳಗಳು ಕಾಣುತ್ತಿದ್ದರೆ ಕಸಿ ಹಿಡಿಯುತ್ತದೆ. ಒಣಗಿದ ಹಳದಿ ಎಳೆಗಳಷ್ಟೇ ಇದ್ದರೆ ಕಸಿಗೆ ರಕ್ತ ಸಿಗುವುದಿಲ್ಲ, ಉದುರಿಹೋಗುತ್ತದೆ. ಆಪರೇಷನ್ ಆಗುವವರೆಗೆ ಟೆಂಡನ್ ಒಣಗಲು ಬಿಡಬೇಡಿ, ಗಾಳಿಗೆ ತೆರೆದಿಟ್ಟರೆ ಅದೇ ಸಾಯುತ್ತದೆ.

ಪೊರೆ ಸ್ವಲ್ಪ ಮಾತ್ರ ಹೋಗಿದ್ದರೆ ವ್ಯಾಕ್ ಡ್ರೆಸಿಂಗ್ (ಗಾಯದ ಮೇಲೆ ಸ್ಪಂಜಿಟ್ಟು ಯಂತ್ರದಿಂದ ಹೀರುವುದು) ಪ್ರಯತ್ನಿಸಬಹುದು: ಸಾಮಾನ್ಯವಾಗಿ 125 ಮಿ.ಮೀ. ಪಾದರಸದ ಹೀರುವ ಒತ್ತಡ, 2–3 ದಿನಕ್ಕೊಮ್ಮೆ ಬದಲಾವಣೆ. ಸ್ಪಂಜನ್ನು ನೇರ ಟೆಂಡನ್ ಮೇಲಿಡದೆ ನಡುವೆ ಅಂಟದ ಜಾಲರಿ ಇಡಬೇಕು. ಅಂಚಿನಿಂದ ಕೆಂಪು ಮಾಂಸ ಬೆಳೆದು ಟೆಂಡನ್ ಮುಚ್ಚಿದರೆ ಕಸಿ ಮಾಡಬಹುದು. ಆದರೆ ಅಲ್ಲಿ ಕಸಿ ಟೆಂಡನ್‌ಗೆ ಅಂಟಿಕೊಳ್ಳುತ್ತದೆ, ಶೂ ಉಜ್ಜಿದಾಗೆಲ್ಲ ಒಡೆಯುತ್ತದೆ. ಓಡಾಡುವ ಹುಡುಗನಿಗೆ ನಾನಾದರೆ ಫ್ಲ್ಯಾಪೇ ಹೇಳುತ್ತೇನೆ.

ಈ ಅಳತೆಗೆ ಎರಡು ದಾರಿ. ಪಕ್ಕದ ರಕ್ತನಾಳದ ಕವಲನ್ನು ರಕ್ತದ ಹರಿವು ತೋರಿಸುವ ಯಂತ್ರವಾದ ಡಾಪ್ಲರ್‌ನಲ್ಲಿ ಹುಡುಕಿ, ಅದರ ಮೇಲೆ ಚರ್ಮವನ್ನು 180 ಡಿಗ್ರಿವರೆಗೆ ತಿರುಗಿಸುವ ಪ್ರೊಪೆಲ್ಲರ್ ಫ್ಲ್ಯಾಪ್ ಒಂದು. ಮೀನಖಂಡದಿಂದ ಕೆಳಗೆ ತಿರುಗಿಸುವ ರಿವರ್ಸ್ ಸ್ಯೂರಲ್ ಫ್ಲ್ಯಾಪ್ ಇನ್ನೊಂದು. ಇದರಲ್ಲಿ ತೊಟ್ಟು (ಫ್ಲ್ಯಾಪಿಗೆ ರಕ್ತ ತರುವ ಬುಡ) ತಿರುಗುವ ಜಾಗ ಕಣಕಾಲಿನ ಹೊರಮೂಳೆಯ ಉಬ್ಬಿನಿಂದ ಸುಮಾರು 5 ಸೆಂ.ಮೀ. ಮೇಲೆ ಇರಬೇಕು, ಅಲ್ಲಿಂದ ಕೆಳಗೆ ಕತ್ತರಿಸಿದರೆ ರಕ್ತ ಕೊಡುವ ಕವಲೇ ಹೋಗುತ್ತದೆ. ಪಾದದ ಹೊರಅಂಚು ಮರಗಟ್ಟುತ್ತದೆ, ಮೊದಲೇ ತಿಳಿದಿರಲಿ.

ಪ್ರಶ್ನೆ: ಸರ್, ಅಪ್ಪನಿಗೆ ಶುಗರ್ ಇದೆ. ಹಿಮ್ಮಡಿ ಟೆಂಡನ್ ಹೊಲಿದ ಜಾಗ ಬಿಟ್ಟುಕೊಂಡಿದೆ. ಅವರಿಗೂ ಇದೇನಾ?

ಉತ್ತರ: ಮೊದಲು ಕಾಲಿನ ರಕ್ತಸಂಚಾರ ನೋಡಿಸಿ. ಶುಗರ್‌ನವರ ರಕ್ತನಾಳ ಗಟ್ಟಿಯಾಗಿರುವುದರಿಂದ ಕಣಕಾಲಿನ ಒತ್ತಡ ಸುಳ್ಳೇ ಚೆನ್ನಾಗಿ ತೋರಿಸಬಹುದು, ಬೆರಳಿನ ಒತ್ತಡ ಅಥವಾ ಆಂಜಿಯೋ ಹೆಚ್ಚು ನಂಬಿಕೆಯದು. ನಾಳ ಮುಚ್ಚಿದ್ದರೆ ಮೊದಲು ಅದನ್ನು ತೆರೆಸಬೇಕು. ಸೋಂಕಾದ ಹೊಲಿಗೆ ದಾರ ಒಳಗೆ ಉಳಿದರೆ ಯಾವ ಫ್ಲ್ಯಾಪ್ ಹಾಕಿದರೂ ಕೀವು ಬರುತ್ತಲೇ ಇರುತ್ತದೆ. ಟೆಂಡನ್ ತುಂಡೇ ಹೋಗಿದ್ದರೆ ತೊಡೆಯಿಂದ ಪೂರ್ತಿ ಬಿಡಿಸಿ ತಂದು ರಕ್ತನಾಳ ಜೋಡಿಸುವ ಫ್ರೀ ಫ್ಲ್ಯಾಪ್‌ನೊಂದಿಗೆ ಅಲ್ಲಿನ ಗಟ್ಟಿ ಪೊರೆ ತಂದು ಟೆಂಡನ್ ಕಟ್ಟಬಹುದು. ಬೀಡಿ-ಸಿಗರೇಟು ಇದ್ದರೆ ಈಗಲೇ ನಿಲ್ಲಲಿ.

ಪ್ರಶ್ನೆ: ಆಪರೇಷನ್ ಆದ ಮೇಲೆ ನಾವೇನು ನೋಡಬೇಕು?

ಉತ್ತರ: ಹಿಮ್ಮಡಿ ಹಾಸಿಗೆಗೆ ತಾಗಬಾರದು. ಸ್ಲ್ಯಾಬ್ (ಅರ್ಧ ಪ್ಲಾಸ್ಟರ್ ಪಟ್ಟಿ) ಕಾಲಿನ ಮುಂಭಾಗಕ್ಕಿರಲಿ, ಹಿಂದೆ ಹಾಕಿದರೆ ಫ್ಲ್ಯಾಪನ್ನೇ ಒತ್ತುತ್ತದೆ. ಪಾದ ಸ್ವಲ್ಪ ಕೆಳಮುಖವಾಗಿದ್ದರೆ ಹೊಲಿಗೆ ಎಳೆಯುವುದಿಲ್ಲ. ಮೊದಲ 2–3 ದಿನ ಬಣ್ಣ ನೋಡುತ್ತಿರಿ. ನೀಲಿಗಟ್ಟಿ, ಊದಿ, ಒತ್ತಿ ಬಿಟ್ಟ ತಕ್ಷಣ ಬಣ್ಣ ಮರಳಿದರೆ ರಕ್ತ ವಾಪಸ್ ಹೋಗುತ್ತಿಲ್ಲ ಎಂದರ್ಥ. ಬಿಳಿಚಿ ತಣ್ಣಗಾದರೆ ರಕ್ತ ಬರುತ್ತಲೇ ಇಲ್ಲ. ಎರಡರಲ್ಲಿ ಯಾವುದಾದರೂ ಬೆಳಗಿನ ರೌಂಡ್ಸ್‌ವರೆಗೆ ಕಾಯಬೇಡಿ, ಆಗಲೇ ಡ್ಯೂಟಿ ಡಾಕ್ಟರನ್ನು ಕರೆಯಿರಿ. ಅವರು ಬಿಗಿದ ಬ್ಯಾಂಡೇಜ್ ಸಡಿಲಿಸಿ ಒಂದೆರಡು ಹೊಲಿಗೆ ಬಿಚ್ಚಿದರೆ ಎಷ್ಟೋ ಫ್ಲ್ಯಾಪ್ ಉಳಿಯುತ್ತವೆ.