ಹಿಂದಿನ ಚಕ್ರಕ್ಕೆ ತಿಂಗಳಲ್ಲಿ ಮೂರು ಟ್ಯೂಬ್. ನಾಲ್ಕನೆಯದು ಯಾವುದು ಹಾಕಲಿ?

ಹೈಬ್ರಿಡ್ ಸೈಕಲ್, ಟೈರ್ 700x35ಸಿ, ದಿನಾ 16 ಕಿ.ಮೀ. ಮಾಮೂಲಿ ಬ್ಯುಟೈಲ್ (ಕಪ್ಪು ರಬ್ಬರ್) ಟ್ಯೂಬ್ ಸಾಕಾ, ಟಿಪಿಯು ಅನ್ನೋ ಹಗುರ ಪ್ಲಾಸ್ಟಿಕ್ ಟ್ಯೂಬ್ ತಗೊಳ್ಳಲಾ? ಬಳಸಿದವರು ಹೇಳಿ.

ಹಗುರ ಚಕ್ರ: ಟಿಪಿಯು ಎರಡಕ್ಕೆ 1,700, ಅದರ ಪ್ಯಾಚಿಗೆ 250, ಕೊರಿಯರ್ 80. ಅಲ್ಲಿಗೆ 2,030. ಪಂಕ್ಚರ್ ಅಂಗಡಿ ಸೊಲ್ಯೂಷನ್ ಅದಕ್ಕೆ ಕಚ್ಚಲ್ಲ. ಸ್ಪಿರಿಟ್‌ನಿಂದ ಒರೆಸಿ ಅದರದೇ ಪ್ಯಾಚ್ ಅಂಟಿಸಬೇಕು. ತೂತು ಹುಡುಕಲು ಟೈರಿನ ಹೊರಗೆ ಜೋರಾಗಿ ಗಾಳಿ ತುಂಬಿದರೆ ಹಿಗ್ಗಿದ್ದು ಮತ್ತೆ ಕುಗ್ಗಲ್ಲ. 850 ಹೋಯ್ತು.

ನೆಗ್ಗಿಲಮುಳ್ಳು: ಹಂಗ ಊದಿದ್ದು ನಿಮ್ಮ ತಪ್ಪು, ಟ್ಯೂಬಿಂದಲ್ಲ. ಬ್ಯುಟೈಲ್ ಹಾಕ್ರಿ, ಆದ್ರ ಮೊದಲು ಟೈರಿನ ಒಳಗ ಹತ್ತಿ ಉಂಡಿ ಆಡಿಸ್ರಿ. ಎಳಿ ಎಲ್ಲಿ ಸಿಕ್ಕೊಳ್ತದೋ ಅಲ್ಲಿ ಬಳ್ಳಾರಿ ಜಾಲಿ ತುದಿ ಮುರದು ಕುಂತಿರ್ತದ, ಹೊರಗ ಕಾಣಂಗಿಲ್ಲ. ಅದನ್ನ ಕೀಳದ ಟ್ಯೂಬ್ ಬದಲಿಸಿದ್ರ ಮರುದಿನ ಅದ ಜಾಗಾದಾಗ ತೂತು.

ಕಪ್ಪು ಸೈಕಲ್ಲು: ಮುಳ್ಳೇ ಅಂತ ಯಾರು ಹೇಳಿದ್ರು? ತೂತು ಯಾವ ಕಡೆ ಅಂತ ಒಬ್ಬರೂ ಕೇಳಿಲ್ಲ. ರಿಮ್ ಕಡೆಗಿದ್ದರೆ ರಿಮ್ ಟೇಪ್ (ರಿಮ್ಮಿನೊಳಗೆ ಕಡ್ಡಿ ತುದಿ ಮುಚ್ಚುವ ಪಟ್ಟಿ) ಸರಿದಿದೆ. ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಡಿಮೆಯಾಗಿ ಹಳ್ಳದಲ್ಲಿ ರಿಮ್ ಕಚ್ಚಿದೆ. ವಾಲ್ವ್ ಬುಡದಲ್ಲಿ ಹರಿದಿದ್ದರೆ ವಾಲ್ವ್ ಓರೆಯಾಗಿ ಕೂತಿತ್ತು. ನನ್ನ 28x1½ ಚಕ್ರಕ್ಕೆ ಬಟ್ಟೆ ಟೇಪ್, 60 ರೂಪಾಯಿ.

ಹಗುರ ಚಕ್ರ: 28 ಅಂದ್ರೆ 700ಸಿ ತಾನೇ?

ಕಪ್ಪು ಸೈಕಲ್ಲು: ಅಲ್ಲ ಸ್ವಾಮಿ! ಟೈರಿನ ಅಂಚು ಕೂರುವ ಕಡೆ ರಿಮ್ ವ್ಯಾಸ ನನ್ನದು 635 ಮಿ.ಮೀ., 700ಸಿ ಅಂದರೆ 622. 26 ಇಂಚಿನದೂ ಇದೇ ಪಾಡು: 26x1⅜ ಅಂದರೆ 590, 26x1.95 ಅಂದರೆ 559. ಟ್ಯೂಬ್ ಹಿಗ್ಗಿ ಸರಿಹೋಗುತ್ತೆ, ಟೈರ್ ಅಂಚಿನ ತಂತಿ ಹಿಗ್ಗಲ್ಲ. ಟೈರಿನ ಪಕ್ಕದಲ್ಲಿ 37-622 ಥರ (ಅಗಲ-ವ್ಯಾಸ) ಇರುವ ಅಂಕಿ ಓದಿ.

ನೆಗ್ಗಿಲಮುಳ್ಳು: ಅಂಕಿ ಓದಿದ್ರ ಆತೇನು? ಹಾಕೂದೂ ಬರಬೇಕಲ್ಲ. ಟ್ಯೂಬ್ ದುಂಡಗಾಗುವಷ್ಟೇ ಹವಾ ತುಂಬ್ರಿ, ವಾಲ್ವ್ ಮೊದಲು ಕೂಡಸ್ರಿ, ಟೈರಿನ ಅಂಚು ವಾಲ್ವ್ ಹತ್ರನ ಮುಗಿಸ್ರಿ. ಕಡೀಕ ವಾಲ್ವ್ ಒಮ್ಮೆ ಒಳಗ ಒತ್ತಿ ಬಿಡ್ರಿ, ಅಂಚಿನ ಅಡಿ ಟ್ಯೂಬ್ ಸಿಕ್ಕಿದ್ರ ಬಿಟ್ಟುಕೊಳ್ತದ. ಸ್ಕ್ರೂಡ್ರೈವರ್ ಹಚ್ಚಿದವ್ರು ಕೈಯಾರೆ ಪಂಕ್ಚರ್ ಮಾಡ್ಕೊಂಡಂಗ.

ಹಗುರ ಚಕ್ರ: ವಾಲ್ವ್ ಬಗ್ಗೆ ಹೇಳೋದಾದ್ರೆ, ಪ್ರೆಸ್ಟಾ ಅನ್ನೋ ಸಪೂರ ವಾಲ್ವಿಗೆ ಪೆಟ್ರೋಲ್ ಬಂಕಿನ ಪೈಪ್ ಕೂರಲ್ಲ. ರಿಮ್ ತೂತು 6.5ರಿಂದ 8.5 ಮಿ.ಮೀ.ಗೆ ಕೊರೆಸಿ ಶ್ರೇಡರ್ (ಬೈಕಿನ ಥರದ ದಪ್ಪ ವಾಲ್ವ್) ಹಾಕಿದೆ. 100 ರೂಪಾಯಿ.

ಕಪ್ಪು ಸೈಕಲ್ಲು: ಒಂದು ಸಣ್ಣ ಅಡಾಪ್ಟರ್ ತಿರುಗಿಸಿದ್ದರೆ ಆಗ್ತಿತ್ತು. ಅದಕ್ಕೆ ರಿಮ್ ಕೊರೆಯೋದಾ?

ಹಗುರ ಚಕ್ರ: ಅಡಾಪ್ಟರ್ ಎರಡು ಕಳೆದಾಯ್ತು. ನನ್ನ ರಿಮ್, ನನ್ನ ದುಡ್ಡು.

ಪ್ರಶ್ನೆ ಕೇಳಿದವನು: ನೋಡಿದೆ. ಮೂರೂ ತೂತು ರಿಮ್ ಕಡೆಗೇ ಇವೆ. ಈಗ ಬ್ಯುಟೈಲಾ, ಟಿಪಿಯುನಾ?

ಕಪ್ಪು ಸೈಕಲ್ಲು: ಟೇಪ್!

ನೆಗ್ಗಿಲಮುಳ್ಳು: ಕೊರೆಸಿದ ತೂತಿನ ಅಂಚು ಅರ ಹಾಕಿ ಉಜ್ಜಿಸೀರೋ ಇಲ್ಲೋ? ಇಲ್ಲಂದ್ರ ಮುಂದಿನ ಟ್ಯೂಬ್ ವಾಲ್ವ್ ಬುಡಕ್ಕ ಕೊಯ್ತದ.